ಮನೆ ಬಾಗಿಲಿಗೆ ಬರಬೇಕಾದ ಆರೈಕೆ: ಸಂಪಾದಕರ ಉತ್ತರ

ನಮಸ್ಕಾರ,

ನಿಮ್ಮ ಪತ್ರ ಓದಿದೆ. ತಂದೆಯವರಿಗೆ ಶ್ವಾಸಕೋಶದ ಕ್ಯಾನ್ಸರ್. "ಇನ್ನು ಮಾಡೋದೇನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಪ್ಯಾಲಿಯೇಟಿವ್ ಕೇರ್ ಅಂದರೆ ಕೊನೆಯ ನಾಲ್ಕು ದಿನದ ಮಾತಾ, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಔಷಧದಿಂದ ಚಟ ಹತ್ತುತ್ತದಾ, ನಮ್ಮಂಥ ಸಾಮಾನ್ಯರು ಇದರಲ್ಲಿ ಏನು ಮಾಡಬಹುದು ಎಂದು ಕೇಳಿದ್ದೀರಿ.

ಮಾಡೋದೇನೂ ಇಲ್ಲ ಎಂಬ ಆ ಮಾತು ಸರಿಯಲ್ಲ. ರೋಗ ವಾಸಿ ಮಾಡುವ ದಾರಿ ಮುಗಿದಿರಬಹುದು. ಆದರೆ ನೋವು, ಉಸಿರಾಟದ ಕಷ್ಟ, ವಾಕರಿಕೆ, ರಾತ್ರಿ ಕಾಡುವ ಭಯ ಇವಕ್ಕೆಲ್ಲ ಮಾಡುವುದು ಬೇಕಾದಷ್ಟಿದೆ. ಅದನ್ನು ಮಾಡುವುದೇ ಪ್ಯಾಲಿಯೇಟಿವ್ ಕೇರ್.

ಇದು ಕೊನೆಯ ದಿನಗಳಿಗೆ ಮಾತ್ರ ಅಲ್ಲವೇ ಅಲ್ಲ. ನಿಮ್ಮ ತಂದೆಯವರ ಕಾಯಿಲೆಯ ಬಗ್ಗೆಯೇ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದವರಲ್ಲಿ ಕೆಲವರಿಗೆ ಚಿಕಿತ್ಸೆಯ ಜೊತೆಗೇ ಮೊದಲಿನಿಂದ ಈ ಆರೈಕೆಯನ್ನೂ ಕೊಟ್ಟರು. ಅವರಲ್ಲಿ ಖಿನ್ನತೆ ಕಡಿಮೆಯಿತ್ತು, ದಿನಗಳು ಹೆಚ್ಚು ನೆಮ್ಮದಿಯಿಂದ ಕಳೆದವು. ಬದುಕಿದ ಅವಧಿಯೂ ಜಾಸ್ತಿ: ಉಳಿದವರದು ಸುಮಾರು 8.9 ತಿಂಗಳು, ಇವರದು 11.6 ತಿಂಗಳು. ಎಲ್ಲ ಕಾಯಿಲೆಗೂ ಹೀಗೇ ಆಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಆದರೆ ಈ ಆರೈಕೆ ತೆಗೆದುಕೊಂಡರೆ ಸೋಲೊಪ್ಪಿಕೊಂಡ ಹಾಗೆ ಎಂಬ ಅಳುಕನ್ನು ದಯವಿಟ್ಟು ಬಿಟ್ಟುಬಿಡಿ.

ಇನ್ನು ಮಾರ್ಫಿನ್. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೆ ನೋಡಿಕೊಳ್ಳುವ ಆರೈಕೆ ಕೇಂದ್ರ) ಶುರು ಮಾಡಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಡಾಕ್ಟರಾದವರು. ನೋವು ಮತ್ತೆ ಬರಲಿ ಎಂದು ಕಾಯದೆ, ಗಂಟೆ ನೋಡಿ ಔಷಧ ಕೊಡಬೇಕು ಎಂದು ಅವರು ಹೇಳಿದರು. ಇವತ್ತಿಗೂ ಅದೇ ಕ್ರಮ. ನೋವಿಗಾಗಿ, ಡಾಕ್ಟರ ನಿಗಾದಲ್ಲಿ ತೆಗೆದುಕೊಂಡಾಗ ಚಟ ಹತ್ತುವುದು ಅಪರೂಪ. ಕಡಿಮೆ ಪ್ರಮಾಣದಿಂದ ಶುರು ಮಾಡಿ, ನೋವು ನೋಡಿಕೊಂಡು ಏರಿಸುತ್ತಾರೆ. ಮಲಬದ್ಧತೆ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಹಾಗಾಗಿ ಅದಕ್ಕೂ ಮೊದಲ ದಿನವೇ ಔಷಧ ಬರೆಸಿಕೊಳ್ಳಿ. ನೋವು ಇಳಿಯಿತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ.

ತಂದೆ ಊಟ ಬಿಡುತ್ತಿದ್ದಾರೆ, ತಾಯಿ ಅಳುತ್ತಾ ಬಲವಂತ ಮಾಡುತ್ತಾರೆ ಎಂದು ಬರೆದಿದ್ದೀರಿ. ಇದು ಎಷ್ಟೋ ಮನೆಗಳಲ್ಲಿ ನಡೆಯುವ ಸಂಕಟ. ಹಸಿವು ಯಾಕೆ ಕಡಿಮೆಯಾಗಿದೆ ಎಂದು ಮೊದಲು ಡಾಕ್ಟರ ಹತ್ತಿರ ಕೇಳಿ. ಬಾಯಿಹುಣ್ಣು, ವಾಕರಿಕೆ ಇದ್ದರೆ ಔಷಧ ಇದೆ. ಕೊನೆ ಹತ್ತಿರವಾದಾಗ ಮಾತ್ರ ದೇಹಕ್ಕೇ ಅನ್ನ ಬೇಡವಾಗುತ್ತದೆ. ಊಟ ಬಿಟ್ಟಿದ್ದಕ್ಕೆ ಕಾಯಿಲೆ ಏರಿತು ಅಂತಲ್ಲ, ಕಾಯಿಲೆ ಏರಿದ್ದರಿಂದ ಊಟ ಬಿಟ್ಟಿದೆ. ತುರುಕಿದರೆ ನೆತ್ತಿಗೆ ಹತ್ತುವ ಅಪಾಯ ಇದೆ. ಒದ್ದೆ ಬಟ್ಟೆಯಿಂದ ಬಾಯಿ, ನಾಲಿಗೆ ಒರೆಸುವುದು, ತುಟಿ ಒಣಗದಂತೆ ನೋಡಿಕೊಳ್ಳುವುದು, ಕೇಳಿದರೆ ಒಂದು ಗುಟುಕು ಕೊಡುವುದು, ಇಷ್ಟರಿಂದಲೇ ಎಷ್ಟೋ ಹಾಯೆನಿಸುತ್ತದೆ. ತಾಯಿಯವರಿಗೆ ಇದನ್ನು ಯಾರಾದರೂ ಕೂತು ನಿಧಾನವಾಗಿ ಹೇಳಬೇಕಿತ್ತು, ಅಲ್ವಾ?

ಹೇಳುವವರು ಮನೆವರೆಗೆ ಬರುತ್ತಿಲ್ಲ ಎಂಬುದೇ ದೊಡ್ಡ ಕೊರತೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 5.68 ಕೋಟಿ ಜನರಿಗೆ ಈ ಆರೈಕೆ ಬೇಕು. ಸಿಗುತ್ತಿರುವುದು ಶೇ. 14ರಷ್ಟು ಮಂದಿಗೆ. ಪ್ರಾಥಮಿಕ ಆರೋಗ್ಯ ಸೇವೆಯಲ್ಲೂ ಮನೆಮನೆಯಲ್ಲೂ ಇದು ಸಿಗುವಂತಾಗಬೇಕು ಎಂದು 2014ರಲ್ಲೇ ಎಲ್ಲ ದೇಶಗಳೂ ಒಪ್ಪಿವೆ. ಒಪ್ಪಿದ್ದು ಇನ್ನೂ ಮನೆ ಬಾಗಿಲಿಗೆ ಬಂದಿಲ್ಲ.

ಬಂದಿರುವ ಕಡೆ ಹೇಗೆ ಬಂತು? ಕೇರಳವನ್ನು ನೋಡಿ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಸಣ್ಣದಾಗಿ ಶುರುವಾದ ಕೆಲಸವನ್ನು ಕೆಲವು ವರ್ಷಗಳಲ್ಲಿ ಅಕ್ಕಪಕ್ಕದ ಜನರೇ ಕೈಗೆತ್ತಿಕೊಂಡರು. 2008ರಲ್ಲಿ ರಾಜ್ಯ ಸರ್ಕಾರ ಅದಕ್ಕೊಂದು ನೀತಿ ತಂದಿತು. ಅಲ್ಲಿನ ಸ್ವಯಂಸೇವಕರು ಡಾಕ್ಟರ ಕೆಲಸ ಮಾಡುವುದಿಲ್ಲ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಹೋಗಿ ಮಾತಾಡಿಸುತ್ತಾರೆ, ಕಷ್ಟ ಕಂಡರೆ ನರ್ಸಿಗೆ ತಿಳಿಸುತ್ತಾರೆ.

ನೀವೂ ನಿಮ್ಮ ಗೆಳೆಯರೂ ಮಾಡಬಹುದಾದ್ದು ಇದನ್ನೇ. ಕಟ್ಟಡ ಬೇಡ. ಮನೆಗೆ ಬರುವ ಒಬ್ಬ ನರ್ಸ್, ಮಾರ್ಫಿನ್ ಬರೆಯಬಲ್ಲ ಒಬ್ಬ ಡಾಕ್ಟರ್, ತರಬೇತಿ ಪಡೆದ ಕೆಲವರು ಸಿಕ್ಕರೆ ಕೆಲಸ ಶುರು. ಮಲಗಿದವರ ಮಗ್ಗುಲು ಎರಡು ಗಂಟೆಗೊಮ್ಮೆ ಬದಲಿಸುವುದು, ಹಿಮ್ಮಡಿ, ಸೊಂಟ ಕೆಂಪಾಗಿದೆಯಾ ಎಂದು ದಿನಾ ನೋಡುವುದು, ಹಾಸಿಗೆ ಹುಣ್ಣಾಗದಂತೆ ತಡೆಯುವುದು, ಉಸಿರು ಕಟ್ಟಿದಂತಾದಾಗ ಮುಖಕ್ಕೆ ಫ್ಯಾನ್ ಗಾಳಿ ಬೀಳುವಂತೆ ಎತ್ತರಿಸಿ ಕೂರಿಸುವುದು ಇವೆಲ್ಲ ಯಾರು ಬೇಕಾದರೂ ಕಲಿಯಬಹುದು. ರೋಗಿಯ ಪಕ್ಕ ಒಂದು ಮಧ್ಯಾಹ್ನ ಸುಮ್ನೆ ಕೂತು, ನೋಡಿಕೊಳ್ಳುವವರಿಗೆ ನಿದ್ದೆ ಮಾಡಲು ಬಿಡುವುದೂ ದೊಡ್ಡ ಸೇವೆಯೇ. ನಿಮ್ಮ ತಾಯಿಗೆ ಈಗ ಬೇಕಾಗಿರುವುದು ಅದೇ.

ಎಲ್ಲಕ್ಕಿಂತ ಮುಖ್ಯ, ರಾತ್ರಿ ಎತ್ತಿಕೊಳ್ಳುವ ಒಂದು ಫೋನ್. ಮನೆಯಲ್ಲೇ ಇರುತ್ತೇನೆ ಎಂದವರನ್ನು ನಡುರಾತ್ರಿ ಆಂಬುಲೆನ್ಸಿಗೆ ಹಾಕುವುದು ಎಷ್ಟೋ ಸಲ ಕೇಳಲು ಯಾರೂ ಇಲ್ಲದ ಗಾಬರಿಯಿಂದ.

ನಾಳೆಯೇ ಆಸ್ಪತ್ರೆಗೆ ಹೋಗಿ, ನೋವಿನ ಅಥವಾ ಪ್ಯಾಲಿಯೇಟಿವ್ ವಿಭಾಗಕ್ಕೆ ಚೀಟಿ ಕೇಳಿ. ಆ ವಿಭಾಗ ಇಲ್ಲದಿದ್ದರೆ, ನೋವು ಜಾಸ್ತಿಯಾದರೆ ಯಾವ ಔಷಧ, ಎಷ್ಟು, ಯಾರಿಗೆ ಫೋನ್ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಬನ್ನಿ. ತಂದೆಯವರಿಗೆ ಏನು ಬೇಕು, ಎಲ್ಲಿರಲು ಇಷ್ಟ ಎಂದು ಅವರನ್ನೇ ಕೇಳಿ, ಅದನ್ನೂ ಅದೇ ಹಾಳೆಯಲ್ಲಿ ಬರೆದಿಡಿ.

ನಿಮ್ಮ,
ಸಂಪಾದಕ