ಚೆಂಡು ಗುಂಡಗಿದೆ ಸರಿ, ಆದರೆ ಅದು ವೃತ್ತವೇ?

ಪ್ರಶ್ನೆ: ಮೇಡಂ, ನಮ್ಮ ಮಗಳು ಯುಕೆಜಿ ಓದುತ್ತಿದ್ದಾಳೆ. ಚಾರ್ಟ್ ನೋಡಿ ವೃತ್ತ, ಚೌಕ, ತ್ರಿಭುಜ ಅಂತ ಪಟಪಟನೆ ಹೇಳುತ್ತಾಳೆ. ಆದರೆ ಚೆಂಡಿಗೂ ವೃತ್ತ ಅಂತಾಳೆ, ಲೂಡೋ ದಾಳಕ್ಕೂ ಚೌಕ ಅಂತಾಳೆ. ಮೊನ್ನೆ ವರ್ಕ್‌ಶೀಟ್‌ನಲ್ಲಿ ಅದಕ್ಕೇ ಕೆಂಪು ಇಂಟು ಬಿತ್ತು. ಘನಾಕೃತಿ ಬೇರೆ, ಸಮತಲಾಕೃತಿ ಬೇರೆ ಎಂದು ಈ ವಯಸ್ಸಿಗೆ ಹೇಗೆ ಹೇಳಿಕೊಡುವುದು? ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಸಿಗುವುದು ಸಂಜೆ ಸ್ವಲ್ಪ ಹೊತ್ತು.
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಆ ಕೆಂಪು ಇಂಟಿಗೆ ತಲೆ ಕೆಡಿಸಿಕೊಳ್ಳಬೇಡಿ. ಕಾಗದದ ಮೇಲೆ ಅಚ್ಚಾದ ಚೆಂಡಿನ ಅಂಚು ಇರುವುದೇ ವೃತ್ತವಾಗಿ. ಅದನ್ನು ನೋಡಿ ಮಗು ವೃತ್ತ ಎಂದರೆ ಅದರಲ್ಲಿ ಮಗುವಿನ ತಪ್ಪೇನು? ದಾಳದ ಚಿತ್ರವಂತೂ ಇನ್ನೂ ಕಷ್ಟ. ಆರು ಮುಖಗಳಲ್ಲಿ ಕಾಣುವುದು ಮೂರೇ, ಅವೂ ಓರೆಯಾಗಿ. ಎಣಿಸು ಎಂದರೆ ಮೂರು ಎನ್ನುತ್ತಾಳೆ. ಸದ್ಯಕ್ಕೆ ಚಾರ್ಟ್ ಎತ್ತಿಟ್ಟು ವಸ್ತುಗಳನ್ನೇ ಕೈಗೆ ಕೊಡಿ.

ಮೊದಲು ಚಪ್ಪಟೆ ಆಕೃತಿ, ಆಮೇಲೆ ಘನಾಕೃತಿ ಎಂಬ ಪಾಠದ ಕ್ರಮ ನನ್ನ ಮಟ್ಟಿಗೆ ತಲೆಕೆಳಗು. ಕೂಸು ಹಿಡಿದಿದ್ದು, ಕಚ್ಚಿದ್ದು, ಎಸೆದಿದ್ದು ಎಲ್ಲ ಘನಾಕೃತಿಗಳೇ. ಕಿಂಡರ್‌ಗಾರ್ಟನ್ ಶುರುಮಾಡಿದ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಕೂಡ ಮಕ್ಕಳಿಗೆ ಮೊದಲು ಚೆಂಡು, ಆಮೇಲೆ ಮರದ ಗೋಳ, ಸಿಲಿಂಡರ್, ದಾಳದಂಥ ಘನ ಕೊಡುತ್ತಿದ್ದರು. ಚಪ್ಪಟೆ ಬಿಲ್ಲೆಗಳ ಸರದಿ ಬಹಳ ಆಮೇಲೆ.

ಒಂದು ಸಂಜೆ ಹೀಗೆ ಮಾಡಿ. ಅಕ್ಕಿಹಿಟ್ಟಿಗೆ ಚಿಟಿಕೆ ಅರಿಶಿನ ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ತಟ್ಟೆಗೆ ತೆಳ್ಳಗೆ ಹರಡಿ. ಖಾಲಿ ಬೆಂಕಿಪೊಟ್ಟಣ ಅದ್ದಿ ಹಳೇ ಪೇಪರ್ ಮೇಲೆ ಒತ್ತಲಿ. ದೊಡ್ಡದೊಂದು ಆಯತ ಮೂಡುತ್ತದೆ. ಮದ್ದು ಹಚ್ಚಿದ ಪಕ್ಕ ಒತ್ತಿದರೆ ಸಪೂರ ಆಯತ, ತುದಿ ಒತ್ತಿದರೆ ಪುಟ್ಟದು. ಪ್ಲಾಸ್ಟಿಕ್ ಡಬ್ಬಿಯ ತಳ ಒತ್ತಿದರೆ ವೃತ್ತ. ಅದೇ ಡಬ್ಬಿಯ ಮೈಗೆ ಹಿಟ್ಟು ಬಳಿದು ಸರಿಯಾಗಿ ಒಂದು ಸುತ್ತು ಉರುಳಿಸಿ: ಪೇಪರ್ ಮೇಲೆ ಬೀಳುವುದು ಆಯತ! ಇಲ್ಲಿ ದೊಡ್ಡವರೂ ಒಂದು ಕ್ಷಣ ಬೆಪ್ಪಾಗುತ್ತಾರೆ. ಕೊನೆಗೆ ಗಟ್ಟಿ ಚೆಂಡು ಅದ್ದಿ ಒತ್ತಿಸಿ. ಎಲ್ಲಿ ಒತ್ತಿದರೂ ಬೊಟ್ಟಿನಷ್ಟೇ ಗುರುತು. ಯಾಕೆ ಎಂದು ಅವಳೇ ಕೇಳಲಿ, ಕಾಯಿರಿ. ಡಬ್ಬಿಗೆ ಚಪ್ಪಟೆ ಮುಖವಿದೆ, ಚೆಂಡಿಗೆ ಇಲ್ಲ. ಘನಾಕೃತಿಯ ಮುಖದಲ್ಲೇ ಸಮತಲಾಕೃತಿ ಇದೆ ಎಂಬುದು ಆಗ ಅವಳ ಕಣ್ಣೆದುರೇ ಇರುತ್ತದೆ.

ಇನ್ನೊಂದು ದಿನ ಟ್ರೇ ಒಂದನ್ನು ಓರೆಯಾಗಿ ನಿಲ್ಲಿಸಿ, ಯಾವುದು ಉರುಳುತ್ತದೆ, ಯಾವುದು ಜಾರುತ್ತದೆ ಎಂದು ಮೊದಲೇ ಊಹಿಸಲು ಹೇಳಿ. ಡಬ್ಬಿ ಮಲಗಿಸಿದರೆ ಉರುಳುತ್ತದೆ, ನಿಲ್ಲಿಸಿದರೆ ಜಾರುತ್ತದೆ. ಬರ್ತ್‌ಡೇ ಟೋಪಿಯನ್ನು ನೆಲದ ಮೇಲೆ ತಳ್ಳಿದರೆ ನೇರ ಹೋಗದೆ ತನ್ನ ತುದಿಯ ಸುತ್ತಲೇ ತಿರುಗುತ್ತದೆ. ಖಾಲಿ ಟೂತ್‌ಪೇಸ್ಟ್ ಬಾಕ್ಸ್ ಬಿಚ್ಚಿ, ಅಂಟಿಸಲು ಬಿಟ್ಟ ಪಟ್ಟಿಗಳನ್ನು ಕತ್ತರಿಸಿದರೆ ಆರು ಮುಖಗಳೂ ನೆಲದ ಮೇಲೆ. ಮತ್ತೆ ಮಡಚಿ ಬಾಕ್ಸ್ ಮಾಡಲಿ.

ಸಮತಲಾಕೃತಿ ಎಂದು ಅಂಗಡಿಯಲ್ಲಿ ಮಾರುವ ದಪ್ಪ ಪ್ಲಾಸ್ಟಿಕ್ ತುಂಡುಗಳಿಗೆ ದುಡ್ಡು ಹಾಕಬೇಡಿ. ಅದರಲ್ಲಿನ ‘ವೃತ್ತ’ ಗಿಡ್ಡ ಸಿಲಿಂಡರ್ ಅಷ್ಟೇ. ಈಗಾಗಲೇ ಮನೆಯಲ್ಲಿದ್ದರೆ ಸುತ್ತ ಪೆನ್ಸಿಲ್ ಆಡಿಸಿ, ಕಾಗದದ ಮೇಲೆ ಮೂಡಿದ ಆಕೃತಿಯನ್ನು ವೃತ್ತ ಎನ್ನಿ.

ನೀವು ಕೇಳದಿದ್ದರೂ ಒಂದು ಮಾತು. ಚಾರ್ಟ್‌ಗಳಲ್ಲಿ ತ್ರಿಭುಜ ಸಾಮಾನ್ಯವಾಗಿ ತುದಿ ಮೇಲೆ ಮಾಡಿ, ಮೂರೂ ಬದಿ ಸಮನಾಗಿ ಕೂತಿರುತ್ತದೆ. ಮಕ್ಕಳು ಆರಂಭದಲ್ಲಿ ಆಕೃತಿಯ ಒಟ್ಟು ನೋಟವನ್ನಷ್ಟೇ ಗುರುತಿಸುತ್ತಾರೆ, ಬದಿ-ಮೂಲೆಗಳ ಲೆಕ್ಕ ಆಮೇಲೆ. ನೆದರ್ಲೆಂಡ್ಸ್‌ನ ಗಣಿತ ಶಿಕ್ಷಕರಾದ ವ್ಯಾನ್ ಹೀಲೆ ದಂಪತಿ 1957ರಲ್ಲೇ ಇದನ್ನು ಹಂತಹಂತವಾಗಿ ವಿವರಿಸಿದ್ದರು. ಸ್ಕೂಟರ್‌ನಲ್ಲಿ ಹೋಗುವಾಗ ‘ಮುಂದೆ ಶಾಲೆ ಇದೆ’ ಎಂಬ ಫಲಕ ತೋರಿಸಿ, ಅದು ಚಾರ್ಟಿನ ಹಾಗೇ ಇದೆ. ‘ದಾರಿ ಬಿಡಿ’ ಎಂಬ ಫಲಕ ತಲೆಕೆಳಗಾದ ತ್ರಿಭುಜ. ಇದು ತ್ರಿಭುಜ ಅಲ್ಲವೇ ಅಲ್ಲ ಎಂದು ಜಗಳಕ್ಕೆ ಬಂದರೂ ಬರಬಹುದು. ಮನೆಗೆ ಬಂದ ಮೇಲೆ ಉದ್ದ, ಸಪೂರ, ವಾಲಿದ ತ್ರಿಭುಜಗಳನ್ನು ಕತ್ತರಿಸಿ ಕೊಡಿ. ಒಂದು ಬದಿ ಬಾಗಿದ ತುಂಡನ್ನೂ ಬೇಕೆಂದೇ ಸೇರಿಸಿ, ಯಾವುದು ಗುಂಪಿಗೆ ಸೇರಲ್ಲ ಎಂದು ಕೇಳಿ. ‘ಇದರ ಗೆರೆ ಸೊಟ್ಟ’ ಎಂದಳೋ, ಯುಕೆಜಿಗೆ ಅಷ್ಟು ಸಾಕು.