ಅಣ್ಣನ ಚಡ್ಡಿ, ತಮ್ಮನ ಚಪ್ಪಲಿ

(ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರೊಬ್ಬರ ಕತೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಇಪ್ಪತ್ತೊಂಬತ್ತರ ಯುವಕ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದವನು. ಗ್ರಾಹಕರ ಮೀಟಿಂಗಿಗೆ ಹವಾಯಿ ಚಪ್ಪಲಿಯಲ್ಲಿ ಹೋಗಿ, ಎಲ್ಲರೆದುರು "ಈ ಪ್ಲ್ಯಾನ್ ದಂಡ" ಎಂದದ್ದಕ್ಕೆ ಮ್ಯಾನೇಜರ್‌ರಿಂದ ಎಚ್ಚರಿಕೆ ಬಂದಿತ್ತು. ಆದರೆ ಅವನಿಗೆ ಮಾತಾಡಬೇಕಿದ್ದದ್ದು ಅಣ್ಣನ ವಿಷಯ.

ಅಣ್ಣ ತಾನು ಕಟ್ಟಿದ ಕಂಪನಿ ಮಾರಿ ಕೋಟಿ ಕಂಡವನು. ಅತ್ತೆ ಮಗಳ ಮದುವೆಗೆ ಚಡ್ಡಿಯಲ್ಲೇ ಬಂದು, ಧಾರೆಗೂ ನಿಲ್ಲದೆ ಹೊರಟ. "ಎಷ್ಟು ಸರಳ ನೋಡಿ" ಎಂದರಂತೆ ನೆಂಟರು. ಪಂಚೆ ಬೇಡ, ಜೀನ್ಸ್ ಸಾಕು ಎಂದ ಇವನಿಗೆ ಅಮ್ಮನಿಂದ ಅಲ್ಲೇ ಸಹಸ್ರನಾಮ. "ಮೇಡಂ, ದುಡ್ಡು ಬರೋಕೆ ಮುಂಚೆನೂ ಅಣ್ಣ ಹೀಗೇ ಇದ್ದ. ಆಗ ಇದೇ ಅತ್ತೆ ಅವನನ್ನ ಅರೆಹುಚ್ಚ ಅಂತಿದ್ರು."

ಸಿಟ್ಟು ನ್ಯಾಯವಾದದ್ದೇ, ಹಾಗೆಂದು ಮೊದಲೇ ಹೇಳಿದೆ. ತಲೆಕೆಳಗಾಗಿದ್ದದ್ದು ಅದರಿಂದ ಅವನು ತೆಗೆದ ಲೆಕ್ಕ: ಗೆದ್ದವರೆಲ್ಲ ಹೀಗಿರುತ್ತಾರೆ, ಹೀಗಿದ್ದರೆ ಗೆಲ್ಲಬಹುದು. ಫೇಸ್‌ಬುಕ್ ಕಟ್ಟಿದ ಜುಕರ್‌ಬರ್ಗ್ ಹೆಸರು ಬರಲೇಬೇಕಲ್ಲ, ಬಂತು. 2012ರಲ್ಲಿ ಆತ ಟೋಪಿಯಿರುವ ಸ್ವೆಟ್‌ಶರ್ಟ್ ತೊಟ್ಟು ನ್ಯೂಯಾರ್ಕಿನ ಹೂಡಿಕೆದಾರರ ಮುಂದೆ ನಿಂತಾಗ ಅದನ್ನು ಹುಡುಗಾಟಿಕೆ ಎಂದವರೂ ಇದ್ದರು. ಆದರೆ ಆ ಹೊತ್ತಿಗೆ ಫೇಸ್‌ಬುಕ್‌ಗೆ ಸುಮಾರು 90 ಕೋಟಿ ಬಳಕೆದಾರರಿದ್ದರು.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಹಾಲಂಡರ್ ಕೆಲವರು ರೀತಿ ಮುರಿದರೂ ಜನ ಯಾಕೆ ಸಹಿಸುತ್ತಾರೆ ಎಂಬುದನ್ನು 1958ರಲ್ಲೇ ವಿವರಿಸಿದ್ದಾರೆ. ಗುಂಪಿನ ರೀತಿಗೆ ಹೊಂದಿಕೊಂಡು, ಕೆಲಸದಲ್ಲಿ ಸೈ ಎನಿಸಿಕೊಂಡವನ ಹೆಸರಿಗೆ ಜನರ ಮನಸ್ಸಿನಲ್ಲಿ ಒಂದಿಷ್ಟು ಜಮೆಯಾಗುತ್ತದೆ. ಮುಂದೆ ಅವನು ರೀತಿ ಮುರಿದಾಗ ಅದರಿಂದಲೇ ಕಳೆಯುತ್ತಾರೆ. 1960ರ ಅವರ ಪ್ರಯೋಗದಲ್ಲಿ, ಶುರುವಿನಿಂದಲೇ ರೀತಿ ಮುರಿದವನಿಗಿಂತ ಮೊದಲು ಹೊಂದಿಕೊಂಡು ಆಮೇಲೆ ಮುರಿದವನ ಮಾತೇ ಹೆಚ್ಚು ನಡೆಯಿತು. ಈ ಜಮೆ ಆಯಾ ಗುಂಪಿಗಷ್ಟೇ ಸೀಮಿತ. ನೆಂಟರಲ್ಲಿ ಅಣ್ಣನಿಗಿರುವುದನ್ನು ತಮ್ಮ ತನ್ನ ಆಫೀಸಿನಲ್ಲಿ ಖರ್ಚು ಮಾಡಲಾಗದು. (ನಮ್ಮ ಮನೆಗಳಲ್ಲಿ ದುಡ್ಡನ್ನು ಮಾತ್ರ ಜಮೆಗೆ ಹಿಡಿಯುತ್ತಾರಲ್ಲ, ಅದು ನನಗೆ ಒಗ್ಗಿಲ್ಲ.)

"ಚಪ್ಪಲಿ ನಿಮಗೆ ಬೇಕಾ, ಅಣ್ಣನ ಹಾಗೆ ಕಾಣಬೇಕಾ?" ಎಂದು ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, "ಶೂ ಹಾಕೋಕೆ ತೊಂದ್ರೆ ಏನಿಲ್ಲ" ಎಂದ. ನೇರ ಮಾತನ್ನು ಮಾತ್ರ ಬಿಡಲಾರ, ಚಿಕ್ಕಂದಿನಿಂದ ಬಂದದ್ದು. ಹಾಗಾದರೆ ಇರುವಷ್ಟು ಜಮೆಯನ್ನು ಅದಕ್ಕೇ ಇಟ್ಟುಕೊಳ್ಳಿ ಎಂದೆ. ಪ್ಲ್ಯಾನ್ ಸರಿಯಿಲ್ಲವೆನಿಸಿದರೆ ಮೀಟಿಂಗಿಗೆ ಮುಂಚೆಯೇ ಮ್ಯಾನೇಜರ್ ಒಬ್ಬರಿಗೇ ಹೇಳಿ, ಬದಲಿಗೆ ಏನು ಮಾಡಬಹುದು ಅನ್ನೋದನ್ನೂ ಹೇಳಿ. ಅಮ್ಮನ ಹತ್ತಿರ ಅಣ್ಣನ ಹೆಸರೇ ಎತ್ತಬೇಡಿ. "ನೆಂಟರ ಮುಂದೆ ಬೈದಾಗ ನೋವಾಯ್ತಮ್ಮ", ಅಷ್ಟು ಸಾಕು.

ಆಫೀಸಿನ ಗೊಂದಲ ತಿಳಿಯಾಗಿದೆ. ಅಮ್ಮನ ಜೊತೆ ಮಾತು ಕೆಟ್ಟಿತಂತೆ. "ನಿನಗೂ ಅವನಿಗೂ ಎಲ್ಲಿಯ ಹೋಲಿಕೆ?" ಎಂದುಬಿಟ್ಟರಂತೆ ಅವರೇ. ಮುಂದಿನ ಭೇಟಿಗೆ ಅವರನ್ನೂ ಬರಹೇಳಿದ್ದೇನೆ.