ಓದುಗರ ಪ್ರಶ್ನೆ: ಚೆಂಡೋಲ್ ಮನೆಯಲ್ಲಿ ಏಕೆ ಕೆಟ್ಟಿತು?

ಪ್ರಶ್ನೆ: ಮಗಳ ಮನೆಗೆಂದು ಮಲೇಷ್ಯಾಕ್ಕೆ ಹೋಗಿದ್ದಾಗ ಪೆನಾಂಗ್‌ನ ಜಾರ್ಜ್‌ಟೌನ್‌ನಲ್ಲಿ, ಕೆಂಗ್ ಕ್ವೀ ಎಂಬ ಓಣಿಯ ಗಾಡಿಯೊಂದರ ಮುಂದೆ ನಿಂತು ಚೆಂಡೋಲ್ ತಿಂದೆವು. ತುರಿದ ಐಸು, ಕಾಯಿಹಾಲು, ಬೆಲ್ಲದ ಪಾಕ, ಬೇಯಿಸಿದ ರಾಜ್ಮಾ, ಹಸಿರು ಎಳೆಗಳು. ಊರಿಗೆ ಬಂದು ಸೇಮಿಗೆಗೆ ಹಸಿರು ಬಣ್ಣ ಬೆರೆಸಿ ಮಾಡಿದರೆ ಎಳೆಗಳು ಮುದ್ದೆಯಾದವು, ಕಾಯಿಹಾಲು ಒಡೆಯಿತು. ತಪ್ಪಿದ್ದೆಲ್ಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ನೀವು ಸೇಮಿಗೆಯನ್ನು ನೆನೆದದ್ದು ಸಹಜವೇ. ಅಕ್ಕಿ, ತೆಂಗು, ಬೆಲ್ಲ ಮೂರೂ ಕೂಡಿದ ಸೇಮಿಗೆ–ಕಾಯಿಹಾಲು ನಮ್ಮ ಮನೆಗಳಲ್ಲಿ ಇದ್ದೇ ಇದೆ. ಹೆಸರುಬೇಳೆ ಪಾಯಸ ಉಣ್ಣುವ ನಮಗೆ ಕಾಯಿಹಾಲಿನಲ್ಲಿ ಕಾಳು ಕಂಡರೂ ಅಚ್ಚರಿಯಾಗಬೇಕಿಲ್ಲ. ಆದರೆ ಎಳೆ ಮಾಡುವ ಕ್ರಮ ಬೇರೆ. ಸೇಮಿಗೆಯ ಹಿಟ್ಟನ್ನು ಉಂಡೆ ಕಟ್ಟಿ ಬೇಯಿಸಿ ಒತ್ತುತ್ತೇವೆ. ಅದು ರಸ ಹೀರಲೆಂದೇ ಇರುವ ತಿಂಡಿಯಾದ್ದರಿಂದ ಬಟ್ಟಲಿನಲ್ಲಿ ಕರಗುವ ಐಸಿನ ನೀರನ್ನೂ ಹೀರಿ ಮುದ್ದೆಯಾಗುತ್ತದೆ. ಚೆಂಡೋಲ್‌ಗಾದರೋ ಅಕ್ಕಿಹಿಟ್ಟನ್ನು ನೀರಾಗಿ ಕದಡಿ, ಸುಣ್ಣದ ತಿಳಿನೀರು ಸ್ವಲ್ಪ ಸೇರಿಸಿ, ಮಣ್ಣಿ ಕಾಯಿಸುವ ಹಾಗೆ ಕೈಬಿಡದೆ ತಿರುವುತ್ತ, ಹಿಟ್ಟು ದಪ್ಪಗಾಗಿ ಹೊಳಪು ಬರುವವರೆಗೆ ಬೇಯಿಸಬೇಕು. ಬಿಸಿ ಆರುವ ಮೊದಲೇ ದೊಡ್ಡ ತೂತಿನ ಝಾರಿಯ ಮೂಲಕ ಐಸುನೀರಿಗೆ ಒತ್ತಿದರೆ, ಬಿದ್ದಲ್ಲೇ ಗಟ್ಟಿಯಾಗಿ, ಎರಡೂ ತುದಿ ಚೂಪಾದ ಗಿಡ್ಡ ಎಳೆಗಳಾಗುತ್ತವೆ. ಹಲ್ಲಿಗೆ ಸಿಕ್ಕಾಗಿನ ಆ ಜಿಗುಟಿಗೆ ಸುಣ್ಣವೂ ತಣ್ಣೀರೂ ಕಾರಣ. ನಮ್ಮ ಸೇಮಿಗೆ ಮಣೆಯ ತೂತು ಇದಕ್ಕೆ ತೀರ ಸಣ್ಣದು.

ಹಸಿರಿನ ವಿಷಯ. ಅದು ಬಣ್ಣದ ಪುಡಿಯಿಂದ ಬರಬೇಕಾದದ್ದಲ್ಲ, ಪಂದನ್ ಎಂಬ ಎಲೆಯ ರಸದಿಂದ ಬರಬೇಕಾದದ್ದು. ಈ ಗಿಡ ಕೇದಗೆಯ ಜಾತಿಯದೇ, ಎಂದರೆ ಅಷ್ಟಮಿಗೆ ನಾವು ಮೂಡೆ ಕಟ್ಟುವ ಎಲೆಯ ಸಂಬಂಧಿ. ಆದರೆ ಇದಕ್ಕೆ ಮುಳ್ಳಿನ ಕಾಟವಿಲ್ಲ, ಮತ್ತು ಬಾಸ್ಮತಿ ಅಕ್ಕಿಗೆ ಪರಿಮಳ ಕೊಡುವ ರಾಸಾಯನಿಕವೇ ಇದರಲ್ಲೂ ಇದೆ. ಎಲೆಯನ್ನು ಅರೆದು ಹಿಂಡಿದ ರಸವನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮೇಲಿನ ತಿಳಿಯನ್ನು ಚೆಲ್ಲಿ ತಳದ ದಟ್ಟ ಹಸಿರನ್ನು ಬಳಸಿರಿ. ಸೀಸೆಯ ಎಸೆನ್ಸ್ ಹಾಕುವುದಕ್ಕಿಂತ ಎಳೆಗಳು ಬಿಳಿಯಾಗಿಯೇ ಇದ್ದರೆ ವಾಸಿ ಎಂಬುದು ನನ್ನ ಅಭಿಪ್ರಾಯ.

ನೀವು ತಿಂದ ಓಣಿಯಲ್ಲಿ 1936ರಿಂದ ಚೆಂಡೋಲ್ ಮಾರುತ್ತ ಬಂದಿರುವ, ಚೀನಾದ ತಿಯೋಚ್ಯೂ ಸಮುದಾಯದವರ ಗಾಡಿಯೊಂದು ಹೆಸರುವಾಸಿ. ಆದರೆ ಅಂಗಡಿ ಯಾರದೇ ಆಗಿರಲಿ, ಚೆಂಡೋಲ್‌ನ ರುಚಿ ನಿಂತಿರುವುದು ಗುಲಾ ಮೆಲಾಕಾ ಎಂಬ ಬೆಲ್ಲದ ಮೇಲೆ. ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸವನ್ನು ಕಾಯಿಸಿ ಮಾಡುವ ಈ ಬೆಲ್ಲಕ್ಕೆ ಹೊಗೆಯ ವಾಸನೆ, ಕಪ್ಪುಗೆಂಪು ಬಣ್ಣ ಇರುತ್ತದೆ. ಕಬ್ಬಿನ ಬೆಲ್ಲದಲ್ಲಿ ಸಿಹಿ ಸಿಗುತ್ತದೆ, ಆ ರುಚಿ ಸಿಗದು. ಮಂಗಳೂರಿನ ಪೇಟೆಯಲ್ಲಿ ಸಿಗುವ ಓಲೆಬೆಲ್ಲ ತಾಳೆಯದಾದರೂ ಇದಕ್ಕೆ ಹೆಚ್ಚು ಹತ್ತಿರ. ಸ್ವಲ್ಪವೇ ನೀರು ಹಾಕಿ ಕರಗಿಸಿ, ಸೋಸಿ, ಜೇನಿನಷ್ಟು ಮಂದವಾಗಿ ಇಳಿಸಿರಿ.

ಕಾಯಿಹಾಲು ಒಡೆದದ್ದು ಹೆಚ್ಚು ಕುದಿಸಿದ್ದರಿಂದಲೇ ಇರಬೇಕು. ದಪ್ಪ ಹಾಲನ್ನಷ್ಟೇ ತೆಗೆದು, ಒಂದು ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಆವಿಯಾಡುವವರೆಗೆ ಮಾತ್ರ ಬಿಸಿಮಾಡಿ ಇಳಿಸಿ ತಣಿಸಿರಿ. ಎರಡನೆಯ ಹಾಲು ಬೇಡ, ಏಕೆಂದರೆ ನೀರು ಸೇರಿಸುವ ಕೆಲಸವನ್ನು ಐಸೇ ಮಾಡುತ್ತದೆ. ಬಡಿಸುವಾಗ ಎಳೆ ಮತ್ತು ಕಾಳು ತಳದಲ್ಲಿ, ಅದರ ಮೇಲೆ ಐಸು, ಬಳಿಕ ಕಾಯಿಹಾಲು, ಪಾಕ ಎಲ್ಲಕ್ಕಿಂತ ಮೇಲೆ. ಉಳಿದ ಎಳೆಗಳನ್ನು ಫ್ರಿಜ್ಜಿನಲ್ಲಿಡಬೇಡಿ. ಮರುದಿನಕ್ಕೆ ಅವು ಬಿರುಸಾಗಿರುತ್ತವೆ.